ಕೀಮೋ ಜತೆ ಗಿಡಮೂಲಿಕೆ ಪುಡಿ ಕೊಡಬಹುದಾ? ತಿಳಿದವರು ಹೇಳಿ

ಗಂಗಾವತಿ ಸೋನಾಮಸೂರಿ (ಭಾನುವಾರ ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ಇಲ್ಲಿ ಭತ್ತದ ರೇಟು ಎಷ್ಟು, ಕಾಲುವೆಗೆ ನೀರು ಬಿಟ್ಟರಾ ಅಂತ ಕೇಳುವವನು ನಾನು. ಇವತ್ತು ಬೇರೆ ವಿಷಯ.

ನಮ್ಮ ಅಕ್ಕನ ಮಗನಿಗೆ ಈಗ 11 ವರ್ಷ. ಏಳು ವರ್ಷದವನಿದ್ದಾಗ ಬ್ಲಡ್ ಕ್ಯಾನ್ಸರ್ ಬಂತು. ಎಎಲ್‌ಎಲ್ ಅಂತಾರಲ್ಲ, ಅದು. ಬೆಂಗಳೂರಿನಲ್ಲಿ ಎರಡೂವರೆ ವರ್ಷ ಟ್ರೀಟ್‌ಮೆಂಟ್ ಆಯಿತು. ಮುಗಿದ ಮೇಲೆ ಒಂದೂವರೆ ವರ್ಷ ಚೆನ್ನಾಗಿದ್ದ. ಶಾಲೆಯ ಕಬಡ್ಡಿ ಟೀಮಿಗೂ ಸೇರಿದ್ದ. ಹೋದ ತಿಂಗಳು ಮೊಣಕಾಲು ನೋವು ಅಂದ. ಆಟದಲ್ಲಿ ಬಿದ್ದಿರಬೇಕು ಅಂತ ಎಣ್ಣೆ ಹಚ್ಚಿ ಸುಮ್ಮನಾದೆವು. ಆಮೇಲೆ ರಕ್ತ ತೆಗೆಸಿದರೆ ಕಾಯಿಲೆ ವಾಪಸ್ ಬಂದಿದೆ. 'ಹಳೇ ಔಷಧಕ್ಕೆ ಈ ಸಲ ಬಗ್ಗದೇ ಇರಬಹುದು, ನೋಡೋಣ' ಅಂದರು ಡಾಕ್ಟ್ರು. ಕೀಮೋ ಮತ್ತೆ ಶುರುವಾಗಿದೆ.

ಈಗ ಮನೆಯಲ್ಲಿ ಜಗಳ. ಹುಡುಗನ ದೊಡ್ಡಪ್ಪನಿಗೆ ವಾಟ್ಸಾಪಿನಲ್ಲಿ ಒಂದು ಸುದ್ದಿ ಬಂದಿದೆ. ಔಷಧಕ್ಕೆ ಬಗ್ಗದ ರಕ್ತ ಕ್ಯಾನ್ಸರ್‌ಗೆ ಗಿಡದ ಸಾರ ಮತ್ತು ಕೀಮೋ ಜೋಡಿ ಕೊಟ್ಟರೆ ರಾಮಬಾಣ, ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ ಅಂತ. ಅದರ ಕೆಳಗೆ ಒಂದು ಫೋನ್ ನಂಬರ್. ಡಬ್ಬಿಗೆ 3,500 ರೂಪಾಯಿ. ಎರಡು ಡಬ್ಬಿ ತಂದಿದ್ದಾರೆ. 'ಕೀಮೋ ಬಿಡ್ರಿ ಅನ್ನಂಗಿಲ್ಲ ನಾನು. ಜೋಡಿ ಕೊಡೋಣು. ಡಾಕ್ಟ್ರಿಗೆ ಹೇಳಬ್ಯಾಡ್ರಿ, ಬೈತಾರ' ಅನ್ನುತ್ತಾರೆ. ಅಕ್ಕ ಡಬ್ಬಿಗಳನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದಾಳೆ. ಇನ್ನೂ ಕೊಟ್ಟಿಲ್ಲ. ಕೊಡದೇ ಇದ್ದು ಮಗನಿಗೆ ಏನಾದರೂ ಆದರೆ ಜೀವನಪೂರ್ತಿ ನನ್ನ ತಲೆ ಮೇಲೆ ಬರುತ್ತದೆ ಅಂತ ಅವಳ ಹೆದರಿಕೆ.

ಗುರುವಾರ ಮತ್ತೆ ಬೆಂಗಳೂರಿಗೆ ಹೋಗಬೇಕು. ಆ ಸಂಶೋಧನೆ ಸುಳ್ಳಾ? ಸುಳ್ಳಲ್ಲ ಅಂದರೆ, ಕೊಟ್ಟರೆ ತಪ್ಪೇನು?

ಕುಷ್ಟಗಿ ಬದು (ಭಾನುವಾರ ರಾತ್ರಿ 10:05)

ಅಣ್ಣಾ, ಹುಡುಗ ಹುಷಾರಾಗಲಿ. ಔಷಧದ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ಫೋನ್ ನಂಬರ್ ಇರುವ ಸಂಶೋಧನೆ ನಾನೆಲ್ಲೂ ನೋಡಿಲ್ಲ.

ರಾಯಚೂರು ಮೇಷ್ಟ್ರು (ಭಾನುವಾರ ರಾತ್ರಿ 11:20)

ಸಂಶೋಧನೆ ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುಳ್ಳು ಅಂದರೆ ನಿಮ್ಮ ದೊಡ್ಡಪ್ಪನವರು ಫೋನ್ ತೆಗೆದು ಇಂಥ ಹತ್ತು ಲೇಖನ ತೋರಿಸುತ್ತಾರೆ. ಆಮೇಲೆ ನಮ್ಮ ಒಂದು ಮಾತೂ ಕೇಳುವುದಿಲ್ಲ.

ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಪಾಠ ಮಾಡುವವನು. ಎಂ.ಫಾರ್ಮ್‌ನಲ್ಲಿ ಆರು ತಿಂಗಳು ಇಂಥದೇ ಕೆಲಸ ಮಾಡಿದ್ದೇನೆ. ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ, ನೀವೇ ತೂಗಿ ನೋಡಿ.

ಕೆ562 ಅಂತ ಒಂದು ಬಗೆಯ ಕೋಶ ಇದೆ. 1970ರ ದಶಕದಲ್ಲಿ ಸಿಎಂಎಲ್ ಅನ್ನುವ ಇನ್ನೊಂದು ಬಗೆಯ ರಕ್ತ ಕ್ಯಾನ್ಸರ್ ಇದ್ದ ಒಬ್ಬ ಹೆಂಗಸಿನಿಂದ ತೆಗೆದದ್ದು. ಆಕೆ ಹೋಗಿ ಎಷ್ಟೋ ವರ್ಷ ಆಯಿತು, ಕೋಶಗಳು ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಅವಕ್ಕೆ ಕೀಮೋ ಔಷಧವನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಕೊಡುತ್ತಾರೆ. ಮುಕ್ಕಾಲು ಪಾಲು ಸಾಯುತ್ತವೆ. ಉಳಿದವು ಜಗಮೊಂಡ. ಆ ಮೊಂಡ ಕೋಶಗಳನ್ನು 96 ಗುಳಿ ಇರುವ ಪ್ಲಾಸ್ಟಿಕ್ ತಟ್ಟೆಗೆ ಹಾಕುತ್ತೇವೆ. ಪಡ್ಡಿನ ಹಂಚು ನೆನಪಿಸಿಕೊಳ್ಳಿ, ಅದರ ಮರಿ. ಒಂದು ಸಾಲಿಗೆ ಬರೀ ಕೀಮೋ, ಒಂದು ಸಾಲಿಗೆ ಬರೀ ಗಿಡದ ಸಾರ, ಇನ್ನೊಂದಕ್ಕೆ ಎರಡೂ. ಎರಡು ದಿನ ಬಿಟ್ಟು ಹಳದಿ ಬಣ್ಣದ ಒಂದು ದ್ರಾವಣ ಹಾಕಿದರೆ, ಬದುಕಿರುವ ಕೋಶ ಇದ್ದ ಗುಳಿ ನೇರಳೆಯಾಗುತ್ತದೆ. ಸತ್ತಿದ್ದರೆ ಹಳದಿಯಾಗೇ ಉಳಿಯುತ್ತದೆ. ಎರಡೂ ಹಾಕಿದ ಸಾಲು ಹಳದಿಯಾದರೆ ನಮಗೆ ಹಬ್ಬ. (ನಾನು ಅರಿಶಿನದ ಸಾರ ಹಾಕಿದ್ದೆ. ಅದು ಮೊದಲೇ ಹಳದಿ! ಕೋಶ ಸತ್ತದ್ದು ಯಾವುದು, ಅರಿಶಿನದ ಬಣ್ಣ ಯಾವುದು ಅಂತ ಬಿಡಿಸುವುದರಲ್ಲೇ ಒಂದು ತಿಂಗಳು ಹೋಯಿತು. ಗೈಡ್ ಹತ್ತಿರ ಬೈಸಿಕೊಂಡಿದ್ದು ಬೇರೆ.)

ಕೋಶ ಯಾಕೆ ಮೊಂಡಾಗುತ್ತದೆ? ನಮ್ಮ ಕಡೆ ಭಾಷೆಯಲ್ಲಿ ಹೇಳಬೇಕಂದರೆ, ಕಾಲುವೆಯಿಂದ ಗದ್ದೆಗೆ ನೀರು ಬಿಡುತ್ತಾ ಇದ್ದೀರಿ. ಗದ್ದೆಯವನು ಆ ಕಡೆ ಬದುವಿನಲ್ಲಿ ಮೋಟರ್ ಹಚ್ಚಿ ಹೊರಗೆ ಹಾಕುತ್ತಾ ಇದ್ದಾನೆ. ಎಷ್ಟು ಬಿಟ್ಟರೂ ನೀರು ನಿಲ್ಲುವುದಿಲ್ಲ. ಕೋಶದ ಗೋಡೆಯಲ್ಲೂ ಅಂಥ ಮೋಟರ್ ಇದೆ. ಹೆಸರು ಪಿ-ಗ್ಲೈಕೋಪ್ರೋಟೀನ್. 1976ರಲ್ಲಿ ಕೆನಡಾದಲ್ಲಿ ಗುರುತಿಸಿದರು. ಔಷಧ ಒಳಗೆ ಬಂದ ಕೂಡಲೇ ಎತ್ತಿ ಹೊರಗೆ ಎಸೆಯುವುದೇ ಅದರ ಕೆಲಸ. 1981ರಲ್ಲಿ ಜಪಾನಿನವರು ವೆರಪಮಿಲ್ ಅನ್ನುವ ಹೃದಯದ ಮಾತ್ರೆಯ ಔಷಧ ಹಾಕಿದರೆ ಆ ಮೋಟರ್ ನಿಲ್ಲುತ್ತದೆ ಅಂತ ಇಲಿಯ ಲ್ಯುಕೇಮಿಯಾ (ರಕ್ತ ಕ್ಯಾನ್ಸರ್) ಕೋಶಗಳಲ್ಲಿ ತೋರಿಸಿದರು. ಅಲ್ಲಿಂದ ಶುರುವಾಯಿತು ನೋಡಿ ಹುಡುಕಾಟ. ಅರಿಶಿನದ ಕರ್ಕ್ಯುಮಿನ್, ಮೆಣಸಿನ ಪೈಪರಿನ್, ಇನ್ನೂ ಎಷ್ಟೋ ಗಿಡದ ವಸ್ತುಗಳು ತಟ್ಟೆಯಲ್ಲಿ ಈ ಮೋಟರ್ ನಿಲ್ಲಿಸುತ್ತವೆ. ಇದು ನಿಜ.

ತಟ್ಟೆಯಲ್ಲಿ ಅನ್ನುವುದನ್ನು ಮರೆಯಬೇಡಿ. ಮಿಕ್ಕಿದ್ದು ನಾಳೆ ಬರೆಯುತ್ತೇನೆ. ಡಬ್ಬಿಯ ಮೇಲೆ ಏನು ಬರೆದಿದೆ, ಅದನ್ನು ಇಲ್ಲಿ ಹಾಕಿ.

ಗಂಗಾವತಿ ಸೋನಾಮಸೂರಿ (ಸೋಮವಾರ ಬೆಳಿಗ್ಗೆ 6:40)

ಸರ್, ಥ್ಯಾಂಕ್ಸ್. ಡಬ್ಬಿ ಮೇಲೆ ಇರುವುದು ಇಷ್ಟೇ: 'ಅರಿಶಿನ, ಅಮೃತಬಳ್ಳಿ, ಅಶ್ವಗಂಧ, ಹಿಪ್ಪಲಿ, ಇತರೆ.' ಬೆಳಿಗ್ಗೆ ಸಂಜೆ ಒಂದೊಂದು ಚಮಚ. ಊರು, ಲೈಸೆನ್ಸ್ ನಂಬರ್ ಏನೂ ಇಲ್ಲ. ಗಣಪತಿ ಫೋಟೋ ಇದೆ.

ಮಸ್ಕಿ ಗುಡ್ಡ (ಸೋಮವಾರ ಬೆಳಿಗ್ಗೆ 7:15)

ಅಷ್ಟು ದುಡ್ಡು ಯಾಕೆ? ಕೀಮೋದಲ್ಲಿ ಹಾಕುವ ಔಷಧವೇ ನಿತ್ಯಪುಷ್ಪದ್ದು ಅಂತ ಓದಿದ್ದೆ. ಅದು ನಮ್ಮ ಮನೆ ಮುಂದೆ ಬೇಲಿ ತುಂಬಾ ಇದೆ. ಕುದಿಸಿ ಕೊಟ್ಟರೆ ಆಗಲ್ವಾ? ನಮ್ಮಪ್ಪ ಶುಗರ್‌ಗೆ ಅದರ ಎಲೆ ದಿನಾ ಜಗಿಯುತ್ತಾರೆ.

ಬಳ್ಳಾರಿ ಸಿಸ್ಟರ್ (ಸೋಮವಾರ ಮಧ್ಯಾಹ್ನ 2:30)

ಡ್ಯೂಟಿ ಮುಗಿಸಿ ಈಗ ಬಂದೆ. ನಾನು ಎಂಟು ವರ್ಷ ಕೀಮೋ ವಾರ್ಡಿನಲ್ಲಿ ಕೆಲಸ ಮಾಡಿದವಳು. ಮಸ್ಕಿ ಅಣ್ಣಾ, ದಯವಿಟ್ಟು ಕುದಿಸಬೇಡಿ.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಈ ಒಂದು ಗಿಡದ ವಿಷಯದಲ್ಲಿ ಸುಳ್ಳು, ಒಪ್ಪುತ್ತೇನೆ. ವಿನ್‌ಕ್ರಿಸ್ಟಿನ್ ನಿತ್ಯಪುಷ್ಪದಿಂದಲೇ ಬಂದದ್ದು. 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಮಕ್ಕಳ ಎಎಲ್‌ಎಲ್‌ಗೆ ಅದಿಲ್ಲದೆ ನಡೆಯುವುದಿಲ್ಲ. ಆ ಗಿಡದ ಕಥೆ ಶುರುವಾಗಿದ್ದೂ ನಿಮ್ಮಪ್ಪನ ಶುಗರ್‌ನಿಂದಲೇ. ಕೆನಡಾದವರು ಸಕ್ಕರೆ ಕಾಯಿಲೆಗೆ ಆ ಎಲೆ ಕೆಲಸ ಮಾಡುತ್ತದಾ ಅಂತ ಇಲಿಗಳಿಗೆ ಕೊಟ್ಟರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ನಿಮ್ಮಪ್ಪನಿಗೆ ಇದನ್ನು ಓದಿ ಹೇಳಿ.

ಔಷಧ ಬರುವುದು ಹೆಬ್ಬೆರಳಿಗಿಂತ ಸಣ್ಣ ಶೀಶೆಯಲ್ಲಿ. ನೋಡಿದರೆ ನೀರು. ದೊಡ್ಡ ಆಳಿಗೂ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ದಾಟಿಸುವುದಿಲ್ಲ. ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ರಕ್ತನಾಳದಿಂದ ಒಂದು ಹನಿ ಹೊರಗೆ ಸೋರಿದರೆ ಅಲ್ಲಿ ಚರ್ಮ ಸುಟ್ಟ ಹಾಗಾಗುತ್ತದೆ. ತಪ್ಪಿ ಬೆನ್ನುಹುರಿಗೆ ಕೊಟ್ಟರೆ ಜೀವ ಉಳಿಯುವುದು ಬಹಳ ಕಷ್ಟ. ಅದಕ್ಕೇ ಸಿರಿಂಜಿನಲ್ಲಿ ಇಡದೆ ಸಣ್ಣ ಸಲೈನ್ ಚೀಲಕ್ಕೆ ಹಾಕಿ ಕೊಡಿ ಅನ್ನುವ ನಿಯಮ ಇರುವುದು. ನಾವು ಇಬ್ಬರು ನಿಂತು ಹೆಸರು, ಡೋಸ್ ಜೋರಾಗಿ ಓದಿಯೇ ಹಚ್ಚುತ್ತಿದ್ದೆವು.

ಇನ್ನೊಂದು ಹೇಳುತ್ತೇನೆ, ಇದು ಸೋನಾಮಸೂರಿ ಅಣ್ಣನಿಗೆ. ವಿನ್‌ಕ್ರಿಸ್ಟಿನ್ ನರಗಳಿಗೆ ಹೊಡೆಯುತ್ತದೆ. ಮಲಬದ್ಧತೆ, ದವಡೆ ನೋವು ಬರುತ್ತದೆ. ಕೆಲವು ಮಕ್ಕಳಿಗೆ ಪಾದ ಎತ್ತಲು ಆಗುವುದಿಲ್ಲ. ವಾರ್ಡಿನಲ್ಲಿ ನಡೆಯುವಾಗ ಹವಾಯಿ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿಯುತ್ತದೆ, ಮಗುವಿಗೆ ಗೊತ್ತೇ ಆಗುವುದಿಲ್ಲ. ಅಂಥ ಚಪ್ಪಲಿ ಎಷ್ಟು ಸಲ ಎತ್ತಿ ಕೊಟ್ಟಿದ್ದೇನೋ. ಈಗ ಕೇಳಿ. ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್, ಪೊಸಾಕೊನಜೋಲ್ ಅನ್ನುವ ಔಷಧಗಳಿವೆ. ಅವು ಲಿವರ್ ವಿನ್‌ಕ್ರಿಸ್ಟಿನ್ ಕರಗಿಸುವುದನ್ನು ತಡೆಯುತ್ತವೆ. ಎರಡೂ ಒಟ್ಟಿಗೆ ಬಿದ್ದರೆ ಈ ನರದ ತೊಂದರೆ ಜೋರಾಗುತ್ತದೆ. ಅದಕ್ಕೇ ಡಾಕ್ಟ್ರು ವಿನ್‌ಕ್ರಿಸ್ಟಿನ್ ಇದ್ದಾಗ ಅವನ್ನು ತಪ್ಪಿಸಲು ನೋಡುತ್ತಾರೆ. ಅವು ಫೈಲಿನಲ್ಲಿ ಬರೆದಿರುವ ಔಷಧ, ಗೊತ್ತಾಗುತ್ತದೆ. ಅಕ್ಕಿ ಡ್ರಮ್ಮಿನ ಹಿಂದಿನ ಡಬ್ಬಿ ನಮಗೆ ಹೇಗೆ ಗೊತ್ತಾಗಬೇಕು?

ರಾಯಚೂರು ಮೇಷ್ಟ್ರು (ಸೋಮವಾರ ರಾತ್ರಿ 8:10)

ಸಿಸ್ಟರ್ ನನ್ನ ಅರ್ಧ ಕೆಲಸ ಮುಗಿಸಿದರು.

ಡಬ್ಬಿಯಲ್ಲಿ ಅರಿಶಿನದ ಜತೆ ಹಿಪ್ಪಲಿ ಇದೆ ನೋಡಿ. ಸುಮ್ನೆ ಹಾಕಿದ್ದಲ್ಲ. ಅರಿಶಿನವನ್ನು ಗ್ರಾಂಗಟ್ಟಲೆ ತಿಂದರೂ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ತಟ್ಟೆಯಲ್ಲಿ ನಾನು ಹಾಕಿದ ಪ್ರಮಾಣ ಮನುಷ್ಯನ ರಕ್ತದಲ್ಲಿ ಸಿಗುವ ಮಾತೇ ಇಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಒಂದು ಪ್ರಯೋಗ ಮಾಡಿದರು. 2 ಗ್ರಾಂ ಕರ್ಕ್ಯುಮಿನ್ ಜತೆ ಬರೀ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರುವುದು 20 ಪಟ್ಟು ಏರಿತು. ಪೈಪರಿನ್ ಇರುವುದು ಕರಿಮೆಣಸು, ಹಿಪ್ಪಲಿಯಲ್ಲಿ. ಈ ಸುದ್ದಿ ಜಗತ್ತೆಲ್ಲ ಹಬ್ಬಿತು. ಈಗ ಅರಿಶಿನದ ಮಾತ್ರೆ ಮಾರುವವರು ಬಹಳ ಜನ ಮೆಣಸಿನ ಸಾರ ಬೆರೆಸುತ್ತಾರೆ.

ಆದರೆ ಪೈಪರಿನ್ ಇದನ್ನು ಹೇಗೆ ಮಾಡುತ್ತದೆ? ಹೊಟ್ಟೆಯಲ್ಲಿ, ಲಿವರಿನಲ್ಲಿ ಬೇಡದ್ದನ್ನು ಕರಗಿಸಿ ಹೊರಗೆ ಹಾಕುವ ವ್ಯವಸ್ಥೆಯನ್ನೇ ಮಂಕು ಮಾಡಿ. ಅದು ಅರಿಶಿನಕ್ಕೊಂದೇ ಬಾಗಿಲು ತೆರೆದು ಮಿಕ್ಕಿದ್ದಕ್ಕೆ ಮುಚ್ಚುವುದಿಲ್ಲವಲ್ಲ. ಅದೇ ದಾರಿಯಲ್ಲಿ ಕರಗಬೇಕಾದ ಕೀಮೋ ಔಷಧವೂ ನಿಂತುಬಿಡಬಹುದು. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ದಿನಾ ಎರಡು ಚಮಚ ಗಟ್ಟಿ ಪುಡಿಗೆ.

ಮಸ್ಕಿ ಗುಡ್ಡ (ಸೋಮವಾರ ರಾತ್ರಿ 8:30)

ಮೇಷ್ಟ್ರೇ, ಒಂದು ದಡ್ಡ ಪ್ರಶ್ನೆ. ಮೋಟರ್ ನಿಲ್ಲಿಸಿದರೆ ಕ್ಯಾನ್ಸರ್ ಕೋಶ ಸಾಯುತ್ತದೆ ಅಂತ 1981ರಲ್ಲೇ ಗೊತ್ತಾಗಿದೆ. ಇಷ್ಟು ವರ್ಷ ಆದರೂ ಆಸ್ಪತ್ರೆಯಲ್ಲಿ ಮೋಟರ್ ನಿಲ್ಲಿಸುವ ಮಾತ್ರೆ ಯಾಕೆ ಕೊಡುವುದಿಲ್ಲ?

ರಾಯಚೂರು ಮೇಷ್ಟ್ರು (ಸೋಮವಾರ ರಾತ್ರಿ 9:25)

ದಡ್ಡ ಪ್ರಶ್ನೆ ಅಲ್ಲ. ಇಡೀ ವಿಷಯದ ಗಂಟು ಇರುವುದೇ ಅಲ್ಲಿ.

ಮಾಡಿ ನೋಡಿದ್ದಾರೆ. ಅದೂ ಗಿಡದ್ದನ್ನೇ. ಕ್ವಿನೈನ್ ಗೊತ್ತಲ್ಲ, ಮಲೇರಿಯಾಕ್ಕೆ ಕೊಡುತ್ತಿದ್ದ ಸಿಂಕೋನಾ ಮರದ ತೊಗಟೆಯದ್ದು. ತಟ್ಟೆಯಲ್ಲಿ ಅದೂ ಮೋಟರ್ ನಿಲ್ಲಿಸುತ್ತದೆ. ಫ್ರಾನ್ಸಿನವರು ಅದನ್ನು ಎಎಂಎಲ್ ಅನ್ನುವ ಮತ್ತೊಂದು ಬಗೆಯ ರಕ್ತ ಕ್ಯಾನ್ಸರ್ ರೋಗಿಗಳಿಗೆ ಕೀಮೋ ಜತೆ ಕೊಟ್ಟು ದೊಡ್ಡ ಪ್ರಯೋಗ ಮಾಡಿದರು. ಒಂದು ಗುಂಪಿಗೆ ಕೀಮೋ ಮತ್ತು ಕ್ವಿನೈನ್, ಇನ್ನೊಂದಕ್ಕೆ ಬರೀ ಕೀಮೋ. ಫಲಿತಾಂಶ 2003ರಲ್ಲಿ ಬಂತು. ಕ್ವಿನೈನ್ ತೆಗೆದುಕೊಂಡವರು ಜಾಸ್ತಿ ದಿನ ಬದುಕಲಿಲ್ಲ. ವಾಲ್ಸ್‌ಪೋಡಾರ್ ಅಂತ ಇದೇ ಕೆಲಸಕ್ಕೆ ಹುಟ್ಟಿಸಿದ ಔಷಧ ಇತ್ತು. ಅಮೆರಿಕದಲ್ಲಿ ವಯಸ್ಸಾದ ಎಎಂಎಲ್ ರೋಗಿಗಳಿಗೆ ಕೊಟ್ಟಾಗ ಆ ಗುಂಪಿನಲ್ಲಿ ಶುರುವಿನಲ್ಲೇ ಸಾವು ಜಾಸ್ತಿಯಾಯಿತು. ಮಧ್ಯದಲ್ಲೇ ನಿಲ್ಲಿಸಿದರು. ಸೈಕ್ಲೋಸ್ಪೋರಿನ್ ಅನ್ನುವುದರಲ್ಲಿ ಮಾತ್ರ ಒಂದು ಪ್ರಯೋಗದಲ್ಲಿ ಲಾಭ ಕಂಡಿತ್ತು, ಅದು ಎಲ್ಲ ಕಡೆ ನಿಲ್ಲಲಿಲ್ಲ.

ಯಾಕೆ ಹೀಗೆ? ಆ ಮೋಟರ್ ಕ್ಯಾನ್ಸರ್ ಕೋಶದ ಸ್ವಂತ ಆಸ್ತಿಯಲ್ಲ. ನಮ್ಮ ಕರುಳಿನ ಗೋಡೆಯಲ್ಲಿದೆ, ಲಿವರಿನಲ್ಲಿದೆ, ಕಿಡ್ನಿಯಲ್ಲಿದೆ. ಮೆದುಳಿಗೆ ವಿಷ ಹೋಗದ ಹಾಗೆ ಕಾವಲು ಕಾಯುವುದೂ ಅದೇ. ಹೊಸ ರಕ್ತ ಹುಟ್ಟಿಸುವ ಮೂಲಕೋಶಗಳಲ್ಲೂ ಇದೆ. ಕಳ್ಳನ ಮನೆ ಕರೆಂಟ್ ತೆಗೆಯಲು ಹೋಗಿ ಇಡೀ ಊರಿನ ಫ್ಯೂಸ್ ಕಿತ್ತ ಹಾಗೆ. ಕೀಮೋ ರಕ್ತದಲ್ಲಿ ಏರುತ್ತದೆ, ಆಗ ಡೋಸ್ ಇಳಿಸಬೇಕು. ಇಳಿಸಿದರೆ ಲಾಭ ಎಲ್ಲಿ ಬಂತು? ಇಳಿಸದಿದ್ದರೆ ರೋಗಿ ತಡೆಯುವುದಿಲ್ಲ. ಡಾಕ್ಟರು ಲೆಕ್ಕ ಹಾಕಿ ಕೊಟ್ಟಾಗಲೇ ಹೀಗಾಯಿತು. ಚಮಚದ ಲೆಕ್ಕದಲ್ಲಿ ಕೊಟ್ಟರೆ?

ಇನ್ನೂ ಒಂದು. ಕೋಶ ಮೊಂಡಾಗಲು ಮೋಟರ್ ಒಂದೇ ಕಾರಣ ಅಲ್ಲ. ಔಷಧ ಹೋಗಿ ಕೂರುವ ಜಾಗದ ಆಕಾರವೇ ಬದಲಾಗಬಹುದು. ಸಿಎಂಎಲ್‌ನಲ್ಲಿ ಟಿ315ಐ ಅಂತ ಒಂದು ಬದಲಾವಣೆ ಬಂದರೆ ಇಮ್ಯಾಟಿನಿಬ್ ಅನ್ನುವ ಮಾತ್ರೆಯ ಕೀಲಿ ಬೀಗಕ್ಕೆ ಹೊಂದುವುದೇ ಇಲ್ಲ. ಅದಕ್ಕೆ ಬೇರೆ ಕೀಲಿ ಮಾಡಬೇಕಾಯಿತು, ಪೊನ್ಯಾಟಿನಿಬ್ ಅಂತ. ಯಾವ ರೋಗಿಯಲ್ಲಿ ಯಾವ ಕಾರಣ ಅಂತ ನೋಡದೆ ಒಂದೇ ಪುಡಿ ಎಲ್ಲರಿಗೂ ಅಂದರೆ ಹೇಗೆ?

ಸಿಂಧನೂರು ಎಡದಂಡೆ (ಸೋಮವಾರ ರಾತ್ರಿ 11:40)

ಇಷ್ಟು ದಿನ ಇಲ್ಲಿ ಹೇಳಿಕೊಂಡಿರಲಿಲ್ಲ. ನಾನು ಸಿಎಂಎಲ್ ರೋಗಿ. 2014ರಿಂದ ದಿನಾ ಇಮ್ಯಾಟಿನಿಬ್ 400 ನುಂಗುತ್ತಿದ್ದೇನೆ. 2013ರ ಏಪ್ರಿಲ್ 1ಕ್ಕೆ ಸುಪ್ರೀಂ ಕೋರ್ಟು ಆ ಔಷಧದ ಪೇಟೆಂಟ್ ಕೇಳಿದ ಕಂಪನಿಗೆ ಇಲ್ಲ ಅಂದಿತಲ್ಲ, ಅದರಿಂದ ಕಡಿಮೆ ಬೆಲೆಯ ಮಾತ್ರೆಗೆ ಅಡ್ಡಿ ಬರಲಿಲ್ಲ. ಇಲ್ಲದಿದ್ದರೆ ನನ್ನ ಆರು ಎಕರೆ ಎಂದೋ ಹೋಗಿರುತ್ತಿತ್ತು.

ಕೊರೊನಾ ಹೊತ್ತಿಗೆ ಎಲ್ಲರ ಹಾಗೆ ನಾನೂ ಕಷಾಯ ಶುರು ಮಾಡಿದೆ. ಅಮೃತಬಳ್ಳಿ ಕಾಂಡ ಜಜ್ಜಿ, ರಾತ್ರಿ ನೆನೆಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ. ಬೇಲಿಗೆ ಹಬ್ಬಿತ್ತು, ಖರ್ಚಿಲ್ಲ. ಐದಾರು ತಿಂಗಳು ಕುಡಿದೆ. ಔಷಧ ಅಂತ ಅನಿಸಿರಲೇ ಇಲ್ಲ ನೋಡಿ, ಡಾಕ್ಟ್ರಿಗೆ ಹೇಳುವುದು ಎಲ್ಲಿಂದ? ಒಂದು ದಿನ ಮೂತ್ರ ಚಹಾ ಡಿಕಾಕ್ಷನ್ ಬಣ್ಣ. ಕಣ್ಣು ಹಳದಿ. ಲಿವರ್ ಟೆಸ್ಟಿನಲ್ಲಿ ಎಸ್‌ಜಿಪಿಟಿ 400 ದಾಟಿತ್ತು.

ಡಾಕ್ಟ್ರು ಇಮ್ಯಾಟಿನಿಬ್‌ನಿಂದ ಆಗಿದೆ ಅಂತ ಮಾತ್ರೆ ನಿಲ್ಲಿಸಿದರು. ಅವರ ತಪ್ಪಲ್ಲ, ಅವರಿಗೆ ಕಂಡದ್ದು ಅದೊಂದೇ. 'ನಿಮಗೆ ಈ ಔಷಧ ಒಗ್ಗುತ್ತಿಲ್ಲ, ಬದಲಾಯಿಸಬೇಕು' ಅಂತ ದುಬಾರಿ ಮಾತ್ರೆಯ ಹೆಸರು ಬರೆಯುತ್ತಾ ಇದ್ದರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ, 'ಸಾಹೇಬ್ರ, ಇವರು ಮುಂಜಾನೆದ್ದು ಬಳ್ಳಿ ನೀರು ಕುಡೀತಾರ' ಅಂದಳು. ಪೆನ್ನು ಅಲ್ಲೇ ನಿಂತಿತು.

ಬಳ್ಳಿ ಬಿಟ್ಟೆ. ಒಂದೂವರೆ ತಿಂಗಳಲ್ಲಿ ಲಿವರ್ ಸರಿಯಾಯಿತು. ಹಳೇ ಇಮ್ಯಾಟಿನಿಬ್ ಮತ್ತೆ ಶುರು. ಇವತ್ತಿಗೂ ಅದೇ ನಡೆಯುತ್ತಿದೆ. ಅದೇ ಹೊತ್ತಿಗೆ, 2021ರಲ್ಲಿ, ಮುಂಬೈನ ಲಿವರ್ ಡಾಕ್ಟರುಗಳು ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟ ರೋಗಿಗಳ ಬಗ್ಗೆ ಬರೆದಿದ್ದರಂತೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮಣ್ಣ ಅದೇ ಬಳ್ಳಿ ಕುಡಿದ, ಅವನಿಗೆ ಏನೂ ಆಗಲಿಲ್ಲ. ಆದರೆ ನನಗೆ ಕೆಲಸ ಮಾಡುತ್ತಿದ್ದ ಔಷಧ 'ಇವನಿಗೆ ಆಗುವುದಿಲ್ಲ' ಅಂತ ಫೈಲಿನಲ್ಲಿ ಬರೆಸಿಕೊಳ್ಳುವುದರಲ್ಲಿತ್ತು.

ಕೊಪ್ಪಳ ಮೂಲಿಕೆ (ಮಂಗಳವಾರ ಬೆಳಿಗ್ಗೆ 9:00)

ನಾನು ಬಿಎಎಂಎಸ್ ಓದಿ ಪ್ರಾಕ್ಟೀಸ್ ಮಾಡುವವನು. ಎಲ್ಲರೂ ಸೇರಿ ಗಿಡಮೂಲಿಕೆಯನ್ನು ಕಟಕಟೆಗೆ ನಿಲ್ಲಿಸಿದ ಹಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಮುಂಬೈ ವರದಿ ಬಂದಾಗ ಆಯುಷ್ ಇಲಾಖೆ ಒಪ್ಪಲಿಲ್ಲ. ಅಮೃತಬಳ್ಳಿ ಹಾಗೇ ಕಾಣುವ ಇನ್ನೊಂದು ಜಾತಿಯ ಬಳ್ಳಿ ಇದೆ, ಗೊಂದಲ ಆಗಿರಬಹುದು ಅಂದಿತು. ಸಿಂಧನೂರಿನವರ ಬೇಲಿಯ ಬಳ್ಳಿಯನ್ನು ಯಾರು ಗುರುತಿಸಿದರು? ಇನ್ನು ಕೀಮೋದವರೇ ನಾಟಿ ಔಷಧದಿಂದ ಕಲಿತಿದ್ದಾರೆ. ಎಪಿಎಲ್ ಅನ್ನುವ ಘೋರ ರಕ್ತ ಕ್ಯಾನ್ಸರ್‌ಗೆ ಇವತ್ತು ಕೊಡುವ ಆರ್ಸೆನಿಕ್ ಚೀನಾದ ಹಳ್ಳಿ ವೈದ್ಯದಿಂದ ಬಂದದ್ದು. ಇದನ್ನು ಯಾಕೆ ಯಾರೂ ಹೇಳುವುದಿಲ್ಲ?

ಆದರೆ ಆ ಡಬ್ಬಿ ಆಯುರ್ವೇದ ಅಲ್ಲ, ಸ್ಪಷ್ಟವಾಗಿ ಹೇಳುತ್ತೇನೆ. ಆಯುರ್ವೇದ ಔಷಧಕ್ಕೂ ಕಾನೂನಿದೆ. ತಯಾರಕರ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಏನೇನು ಎಷ್ಟೆಷ್ಟು ಹಾಕಿದ್ದಾರೆ, ಎಲ್ಲ ಲೇಬಲ್ ಮೇಲೆ ಇರಬೇಕು. 'ಇತರೆ' ಅನ್ನುವ ಮೂಲಿಕೆ ನಮ್ಮ ಯಾವ ಗ್ರಂಥದಲ್ಲೂ ಇಲ್ಲ.

ಕುಷ್ಟಗಿ ಬದು (ಮಂಗಳವಾರ ಬೆಳಿಗ್ಗೆ 9:12)

'ಇತರೆ' 😄 ಡಾಕ್ಟ್ರೇ, ಇದು ಚೆನ್ನಾಗಿದೆ.

ರಾಯಚೂರು ಮೇಷ್ಟ್ರು (ಮಂಗಳವಾರ ಮಧ್ಯಾಹ್ನ 1:15)

ಕೊಪ್ಪಳದ ಡಾಕ್ಟ್ರ ಮಾತು ಒಪ್ಪುತ್ತೇನೆ. ಆರ್ಸೆನಿಕ್ ಕಥೆ ಪೂರ್ತಿ ಹೇಳೋಣ, ಅದರಲ್ಲೇ ಉತ್ತರ ಇದೆ.

1970ರ ದಶಕದಲ್ಲಿ ಹಾರ್ಬಿನ್ ಊರಿನ ಡಾಕ್ಟರ್ ಝಾಂಗ್ ಟಿಂಗ್‌ಡಾಂಗ್ ಮತ್ತು ಜತೆಗಾರರು ಒಂದು ಹಳ್ಳಿ ಔಷಧ ಪರೀಕ್ಷೆ ಮಾಡಿದರು. ಅದರಲ್ಲಿ ಆರ್ಸೆನಿಕ್ ಇತ್ತು, ಪಾದರಸದ ಲವಣ ಇತ್ತು, ಕಪ್ಪೆಯ ವಿಷ ಕೂಡ ಇತ್ತು. ಒಂದೊಂದೇ ತೆಗೆದು ನೋಡಿದರು. ಕೆಲಸ ಮಾಡುತ್ತಿದ್ದದ್ದು ಆರ್ಸೆನಿಕ್. ಮಿಕ್ಕಿದ್ದು ಬಿಟ್ಟರು. ಅಂದರೆ 'ಇತರೆ'ಯನ್ನು ತೆಗೆದುಹಾಕಿದ ಮೇಲೆ ಅದು ಔಷಧ ಆಯಿತು. 2000ದಲ್ಲಿ ಅಮೆರಿಕವೂ ಒಪ್ಪಿತು. ಈಗ ವಿಟಮಿನ್ ಎ ಜಾತಿಯ ಒಂದು ಮಾತ್ರೆಯ ಜತೆ ಕೊಟ್ಟರೆ ಬಹಳಷ್ಟು ಎಪಿಎಲ್ ರೋಗಿಗಳಿಗೆ ಮಾಮೂಲಿ ಕೀಮೋನೇ ಬೇಡ. ಆದರೆ ಇಸಿಜಿ ನೋಡುತ್ತಾ ಕೊಡಬೇಕು, ಹೃದಯದ ಬಡಿತ ಕೆಡಿಸಬಹುದು. ಹಟ್ಟಿ ಚಿನ್ನದ ಗಣಿ ಸುತ್ತಮುತ್ತ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಇದೆ ಅಂತ ನಾವೇ ಹೆದರುತ್ತೇವೆ ಅಲ್ವಾ? ಅದೇ ವಸ್ತು. ಎಷ್ಟು, ಯಾರಿಗೆ, ಯಾವಾಗ ಅನ್ನುವುದರ ಮೇಲೆ ವಿಷವೋ ಔಷಧವೋ ಆಗುತ್ತದೆ.

ಮಿಶ್ರಣವನ್ನೇ ಪರೀಕ್ಷೆ ಮಾಡಬಾರದು ಅಂತಲೂ ಇಲ್ಲ. ಚೀನಾದವರು ಆರ್ಸೆನಿಕ್ ಇರುವ ಒಂದು ಖನಿಜ, ನೀಲಿ ಬಣ್ಣದ ಗಿಡದ ಪುಡಿ, ಎರಡು ಬಗೆಯ ಬೇರು ಸೇರಿಸಿ ಮಾಡಿದ ಮಾತ್ರೆಯನ್ನು ಸಲೈನಿನಲ್ಲಿ ಕೊಡುವ ಆರ್ಸೆನಿಕ್ ಎದುರು ನಿಲ್ಲಿಸಿ ತೂಗಿದರು. 2013ರಲ್ಲಿ ಬಂದ ಫಲಿತಾಂಶದಲ್ಲಿ ಅದು ಸೋಲಲಿಲ್ಲ. ಗಿಡದ್ದೇ ಇನ್ನೊಂದು ಇದೆ, ಹೋಮೋಹ್ಯಾರಿಂಗ್‌ಟನಿನ್. ಸೆಫಲೋಟ್ಯಾಕ್ಸಸ್ ಅನ್ನುವ ಮರದ್ದು. ಇಮ್ಯಾಟಿನಿಬ್‌ನಂಥ ಎರಡು ಮಾತ್ರೆಗೂ ಬಗ್ಗದ ಸಿಎಂಎಲ್‌ಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ದೊಡ್ಡಪ್ಪನವರಿಗೆ ಇದನ್ನು ಹೇಳಿ. ಮೊಂಡ ಲ್ಯುಕೇಮಿಯಾಕ್ಕೆ ಗಿಡದ ಔಷಧ ಇದೆ ಅನ್ನುವ ಅವರ ನಂಬಿಕೆ ತಪ್ಪಲ್ಲ. ಅದು ಆ ಡಬ್ಬಿಯಲ್ಲಿ ಇಲ್ಲ, ಅಷ್ಟೇ.

ದೇವದುರ್ಗ ಜಾಲಿ (ಮಂಗಳವಾರ ಸಂಜೆ 5:50)

ಕಾಂಗ್ರೆಸ್ ಗಿಡದಿಂದ ಬ್ಲಡ್ ಕ್ಯಾನ್ಸರ್‌ಗೆ ಔಷಧ ಅಂತ ಯೂಟ್ಯೂಬಿನಲ್ಲಿ ನೋಡಿದೆ. ನಿಜ ಆದರೆ ನಮ್ಮ ತಾಲ್ಲೂಕು ಶ್ರೀಮಂತ ಆಗುತ್ತದೆ.

ರಾಯಚೂರು ಮೇಷ್ಟ್ರು (ಮಂಗಳವಾರ ಸಂಜೆ 6:20)

ಹೆಸರಿನ ಎಡವಟ್ಟು ಅದು. ಲ್ಯುಕೇಮಿಯಾದ ಮೂಲಕೋಶಗಳ ಮೇಲೆ ಪರೀಕ್ಷೆ ಮಾಡಿದ್ದು ಪಾರ್ಥೆನೊಲೈಡ್. ಅದು ಫೀವರ್‌ಫ್ಯೂ ಅನ್ನುವ, ಸೇವಂತಿಗೆ ಹಾಗಿರುವ ಬೇರೆ ಗಿಡದ್ದು. ನಮ್ಮ ಕಾಂಗ್ರೆಸ್ ಗಿಡದಲ್ಲಿರುವುದು ಪಾರ್ಥೆನಿನ್, ಮೈ ತುರಿಕೆ ತರಿಸುವಂಥದ್ದು. ಕೀಳುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಲಿಂಗಸುಗೂರು ಕಟ್ಟೆ (ಮಂಗಳವಾರ ರಾತ್ರಿ 8:05)

ಎಲ್ಲ ಓದಿದೆ. ಓದಿದವರು ಹೀಗೇ ಹೇಳುವುದು. ನಮ್ಮೂರಲ್ಲಿ ಇದೇ ಕಾಯಿಲೆಯ ಒಂದು ಮಗುವಿಗೆ ಇಂಥದೇ ಪುಡಿ ಕೊಟ್ಟರು. ಒಂದೇ ವಾರದಲ್ಲಿ ಊಟ ಸೇರಿತು, ಕೆನ್ನೆ ತುಂಬಿಕೊಂಡಿತು, ಜ್ವರ ಬಿಟ್ಟಿತು. ಕಣ್ಣಾರೆ ನೋಡಿದ್ದೇನೆ. ಬೇಕಾದವರು ಫೋನ್ ಮಾಡಿ

[ನಂಬರ್ ತೆಗೆಯಲಾಗಿದೆ. ಔಷಧ ಮಾರಾಟದ ನಂಬರ್ ಇಲ್ಲಿ ಹಾಕುವ ಹಾಗಿಲ್ಲ. ಇದು ಎರಡನೇ ಸಲ. – ನಿರ್ವಾಹಕ]

ಬಳ್ಳಾರಿ ಸಿಸ್ಟರ್ (ಮಂಗಳವಾರ ರಾತ್ರಿ 9:30)

ಲಿಂಗಸುಗೂರಿನವರೇ, ನೀವು ನೋಡಿದ್ದು ಸುಳ್ಳು ಅನ್ನುವುದಿಲ್ಲ. ಆದರೆ ವಾರದಲ್ಲಿ ಕೆನ್ನೆ ತುಂಬುವುದು, ಹಸಿವು ಏರುವುದು, ಜ್ವರ ಇಳಿಯುವುದು ನಮಗೆ ವಾರ್ಡಿನಲ್ಲಿ ದಿನಾ ಕಾಣುವ ದೃಶ್ಯ. ಅದು ಸ್ಟೆರಾಯ್ಡ್ ಲಕ್ಷಣ. ಗಿಡದ ಪುಡಿ ಅಂತ ಮಾರುವ ಕೆಲವದರಲ್ಲಿ ಡೆಕ್ಸಾಮೆಥಾಸೋನ್ ಮಾತ್ರೆ ಅರೆದು ಬೆರೆಸುತ್ತಾರೆ. ಆ ಮಗುವಿನ ಪುಡಿಯಲ್ಲಿ ಇತ್ತಾ ಅಂತ ಪರೀಕ್ಷೆ ಮಾಡದೆ ನಾನು ಹೇಳಲಾರೆ. ಅನುಮಾನ ಮಾತ್ರ ಬರುತ್ತದೆ.

ಎಎಲ್‌ಎಲ್‌ನಲ್ಲಿ ಇದು ಇನ್ನೂ ಅಪಾಯ. ಯಾಕಂದರೆ ಸ್ಟೆರಾಯ್ಡ್ ಎಎಲ್‌ಎಲ್‌ಗೆ ನಿಜವಾದ ಔಷಧವೇ. ಕಾಯಿಲೆ ಕೋಶ ಸ್ವಲ್ಪ ದಿನ ಅಡಗುತ್ತವೆ. ಮನೆಯವರಿಗೆ ಪುಡಿ ಕೆಲಸ ಮಾಡಿತು ಅನಿಸುತ್ತದೆ. ಬೋನ್ ಮ್ಯಾರೋ ತೆಗೆದು ನೋಡಿದರೆ ಡಾಕ್ಟರಿಗೂ ಅರ್ಧ ಚಿತ್ರ ಸಿಗುತ್ತದೆ. ಆಮೇಲೆ ಬಗ್ಗದ ಕೋಶಗಳು ಮೇಲೇಳುತ್ತವೆ.

ಸೋನಾಮಸೂರಿ ಅಣ್ಣಾ, ಮತ್ತೆ ಬಂತು ಅಂದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಟ್ರೀಟ್‌ಮೆಂಟ್ ನಡೆಯುವಾಗಲೇ ವಾಪಸ್ ಬಂದದ್ದಕ್ಕೂ, ಮುಗಿದು ಒಂದೂವರೆ ವರ್ಷ ಬಿಟ್ಟು ಬಂದದ್ದಕ್ಕೂ ವ್ಯತ್ಯಾಸ ಇದೆ. ತಡವಾಗಿ ಬಂದದ್ದು ಸಾಮಾನ್ಯವಾಗಿ ಕೀಮೋಗೆ ಮತ್ತೆ ಬಗ್ಗುತ್ತದೆ. ಮೊದಲ ಸುತ್ತು ಆದ ಮೇಲೆ ಎಂಆರ್‌ಡಿ ಅಂತ ಒಂದು ಟೆಸ್ಟ್ ಮಾಡುತ್ತಾರೆ. ಸಾವಿರಾರು ಕೋಶದಲ್ಲಿ ಒಂದು ಉಳಿದಿದ್ದರೂ ಗೊತ್ತಾಗುತ್ತದೆ. ಮುಂದೆ ಬರೀ ಕೀಮೋ ಸಾಕಾ, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಬೇಕಾ ಅನ್ನುವುದಕ್ಕೆ ಅದನ್ನು ಮುಖ್ಯವಾಗಿ ನೋಡುತ್ತಾರೆ. ಗುರುವಾರ ಡಾಕ್ಟ್ರಿಗೆ 'ಎಂಆರ್‌ಡಿ ಯಾವಾಗ' ಅಂತ ಕೇಳಿ. ಡಬ್ಬಿನೂ ತೆಗೆದುಕೊಂಡು ಹೋಗಿ. ಬರೀ ಹೆಸರಲ್ಲ, ಡಬ್ಬಿನೇ.

ಸಿಂಧನೂರು ಎಡದಂಡೆ (ಮಂಗಳವಾರ ರಾತ್ರಿ 9:45)

ಬೈದರೆ ಬೈಸಿಕೊಳ್ಳಿ. ನಾನೂ ಬೈಸಿಕೊಂಡಿದ್ದೇನೆ, ಎರಡು ನಿಮಿಷ ಅಷ್ಟೇ.

ಗಂಗಾವತಿ ಸೋನಾಮಸೂರಿ (ಶನಿವಾರ ಮಧ್ಯಾಹ್ನ 3:20)

ಊರಿಗೆ ಬಂದೆವು. ನಿನ್ನೆ ರಾತ್ರಿ ಬರೆಯಲು ಆಗಲಿಲ್ಲ.

ದೊಡ್ಡಪ್ಪನನ್ನೂ ಕರೆದುಕೊಂಡೇ ಹೋಗಿದ್ದೆವು. ರೈಲಿನಲ್ಲಿ ನಿಮ್ಮೆಲ್ಲರ ಮಾತು ಓದಿ ಹೇಳಿದೆ. ಚೀನಾ ಕಪ್ಪೆ ಕಥೆಗೆ ನಕ್ಕರು. ಸಿಂಧನೂರಿನವರದ್ದನ್ನು ಎರಡು ಸಲ ಓದಿಸಿದರು. ಆಮೇಲೆ ಗುಂತಕಲ್ ದಾಟುವವರೆಗೂ ಮಾತಾಡಲಿಲ್ಲ.

ಒಪಿಡಿಯಲ್ಲಿ ಅಕ್ಕ ರೊಟ್ಟಿ ಕಟ್ಟಿದ ಚೀಲದಿಂದ ಡಬ್ಬಿ ತೆಗೆದು ಟೇಬಲ್ ಮೇಲೆ ಇಟ್ಟಳು. ಕೈ ನಡುಗುತ್ತಿತ್ತು. ಡಾಕ್ಟ್ರಮ್ಮ ಬೈಯಲಿಲ್ಲ. ಮುಚ್ಚಳ ತೆಗೆದು ಮೂಸಿ ನೋಡಿದರು. 'ಕೊಟ್ಟಿದ್ದೀರಾ?' ಅಂದರು. ಇಲ್ಲ ಅಂದೆವು. ಎಲ್ಲ ಹೆಸರನ್ನೂ ಫೈಲಿನಲ್ಲಿ ಬರೆದುಕೊಂಡು ಕೊನೆಗೆ 'ಇತರೆ' ಅಂತಲೂ ಬರೆದು ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಕೀಮೋ ಮುಗಿಯುವವರೆಗೆ ಇಂಥದ್ದು ಯಾವುದೂ ಬೇಡ ಅಂದರು. ಅಡುಗೆಗೆ ಹಾಕುವ ಅರಿಶಿನ, ಮೆಣಸು ಇರಲಿ. ಹಸಿ ಎಲೆ ರಸ, ಕಟ್ಟೆ ಅಂಗಡಿ ಜ್ಯೂಸ್ ರಕ್ತಕಣದ ಕೌಂಟ್ ಏರುವವರೆಗೆ ಮುಟ್ಟಬೇಡಿ ಅಂದರು, ಸೋಂಕು ಆಗುತ್ತದಂತೆ. ಎಂಆರ್‌ಡಿ ಮೊದಲ ಸುತ್ತು ಮುಗಿದ ಮೇಲೆ, ಇನ್ನು ಮೂರು ವಾರಕ್ಕೆ.

ಏಳುವಾಗ ದೊಡ್ಡಪ್ಪ ಕೇಳಿದರು, 'ಮೇಡಂ, ಹೂವಿಂದು ಔಷಧ ಅಂತಾರಲ್ರಿ, ಅದು ಯಾವಾಗ ಕೊಡ್ತೀರಿ?' ಡಾಕ್ಟ್ರಮ್ಮ ಒಂದು ಕ್ಷಣ ಅರ್ಥ ಆಗದೆ ನೋಡಿದರು. ಆಮೇಲೆ ನಕ್ಕು, 'ಇವತ್ತೇ, ಹನ್ನೊಂದು ಗಂಟೆಗೆ' ಅಂದರು. ಸಣ್ಣ ಸಲೈನ್ ಚೀಲ, ಸಿಸ್ಟರ್ ಹೇಳಿದ ಹಾಗೇ ಇಬ್ಬರು ನಿಂತು ಜೋರಾಗಿ ಓದಿ ಹಚ್ಚಿದರು. ದೊಡ್ಡಪ್ಪ ಅದು ಖಾಲಿಯಾಗುವವರೆಗೂ ಮಂಚದ ಪಕ್ಕ ನಿಂತೇ ಇದ್ದರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

7,000 ರೂಪಾಯಿ ವಾಪಸ್ ಕೇಳಲು ಆ ನಂಬರಿಗೆ ಫೋನ್ ಮಾಡುತ್ತಿದ್ದಾರೆ. ಎತ್ತುತ್ತಿಲ್ಲ.

ಬಳ್ಳಾರಿ ಸಿಸ್ಟರ್ (ಶನಿವಾರ ಸಂಜೆ 4:00)

ಕಣ್ಣು ತುಂಬಿತು ಅಣ್ಣಾ. ಅಂದ ಹಾಗೆ ರೈಲಿಗೆ ಪೂರ್ತಿ ದುಡ್ಡು ಕೊಟ್ಟಿರಾ? ಕ್ಯಾನ್ಸರ್ ರೋಗಿ ಟ್ರೀಟ್‌ಮೆಂಟ್‌ಗೆ ಹೋಗುವಾಗ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜತೆಗೆ ಹೋಗುವ ಒಬ್ಬರಿಗೆ 75% ರಿಯಾಯಿತಿ. ಆಸ್ಪತ್ರೆಯಲ್ಲಿ ಒಂದು ಫಾರಂ ತುಂಬಿ ಸಹಿ ಮಾಡಿ ಕೊಡುತ್ತಾರೆ.

ಗಂಗಾವತಿ ಸೋನಾಮಸೂರಿ (ಶನಿವಾರ ಸಂಜೆ 4:10)

ಗೊತ್ತೇ ಇರಲಿಲ್ಲ ಅಕ್ಕಾ! ಮುಂದಿನ ಗುರುವಾರ ಮತ್ತೆ ಹೋಗಬೇಕು. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ಸಿಗೆ ಆ ಫಾರಂ ತೋರಿಸಿ ಕೌಂಟರಿನಲ್ಲೇ ತೆಗೆಸಬೇಕಾ, ಮೊಬೈಲಿನಲ್ಲಿ ಆಗುತ್ತದಾ?

ಸಿಂಧನೂರು ಎಡದಂಡೆ (ಶನಿವಾರ ಸಂಜೆ 4:25)

ನಾನು ಯಾವಾಗಲೂ ಕೌಂಟರಿನಲ್ಲೇ ತೆಗೆಸುವುದು. ಫಾರಂನ ಎರಡು ಜೆರಾಕ್ಸ್ ಇಟ್ಟುಕೊಳ್ಳಿ.